ಎಂಟನೇ ಟಾಕೀಸಿನ ಬಿಳಿ ದಾರ

ತಿಂಗಳ ಒಂಬತ್ತನೇ ತಾರೀಖು, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸಿನ ದೂರು ಕೇಳಿ ಸ್ಟೇಷನ್ ರೈಟರ್ ಪೆನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೋಳಿ ಕಳ್ಳತನದಿಂದ ಕೊಲೆಯವರೆಗೆ ಅವನು ಬರೆಯದ ದೂರಿಲ್ಲ. ಇಂಥದ್ದು ಮಾತ್ರ ಬರೆದಿರಲಿಲ್ಲ.

“ನಮ್ಮಪ್ಪ ತೀರಿಕೊಂಡು ನಾಲ್ಕು ತಿಂಗಳಾಯ್ತು. ಆದ್ರೂ ದಿನಾ ಜನಕ್ಕೆ ಉತ್ತರ ಬರೀತಿದ್ದಾರೆ.”

ರೈಟರ್ ಆಕೆಯನ್ನು ನೆಟ್ಟಗೆ ಇನ್ಸ್‌ಪೆಕ್ಟರ್ ಕೋಣೆಗೆ ಕಳಿಸಿಬಿಟ್ಟ. ತನ್ನ ತಲೆನೋವನ್ನು ಮೇಲಿನವರ ತಲೆಗೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ.

ಆಕೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ತಂದೆ ಹೊಲಿಗೆ ಮಷಿನ್ ರಿಪೇರಿಯವರು. ಪೇಟೆಯಲ್ಲೆಲ್ಲ ಮಷಿನ್ ಮಾಸ್ಟರ್ ಅಂತಲೇ ಹೆಸರು. ಆರು ವರ್ಷದಿಂದ ರಿಪೇರಿ ಕಲಿಸುವ ವಿಡಿಯೊ ಮಾಡಿ, ಒಂದೊಂದನ್ನೂ ಏಳು ವಿಡಿಯೊ ತಾಣಗಳಿಗೆ ಹಾಕುತ್ತಿದ್ದರು. ಒಂದರಲ್ಲಿ ಕಾಣದವರು ಇನ್ನೊಂದರಲ್ಲಾದರೂ ಕಾಣಲಿ ಅನ್ನುವುದು ಅವರ ಲೆಕ್ಕ. ನೋಡಿದವರು ಕೆಳಗೆ ತಮ್ಮ ಮಷಿನ್ನಿನ ಕಷ್ಟ ಬರೆಯುವರು, ಮಾಸ್ಟರ್ ಪರಿಹಾರ ಬರೆಯುವರು. ಅವರು ತೀರಿಕೊಂಡ ಮೇಲೆ ಮಗಳು ಏಳರಲ್ಲೂ ಸಾವಿನ ಸುದ್ದಿ ಬರೆದಿದ್ದಳು.

“ಈಗ ಎಂಟನೇ ತಾಣ ಒಂದರಲ್ಲಿ ಅಪ್ಪನ ಹೆಸರಿನ ಖಾತೆ ಹುಟ್ಟಿಕೊಂಡಿದೆ ಸರ್. ಗುರುವಾರಕ್ಕೊಂದು ಹೊಸ ವಿಡಿಯೊ. ಅಪ್ಪನ ಪಾಠವೇ, ಆದ್ರೆ ನಾನು ಎಲ್ಲೂ ನೋಡಿಲ್ಲದ್ದು. ಕೆಳಗೆ ಅಪ್ಪನ ಹೆಸರಲ್ಲೇ ಉತ್ತರ.”

“ನೀವು ಏನಾದ್ರೂ ಬರೆದ್ರಾ?”

“ಯಾರು ನೀನು ಅಂತ ಕೇಳ್ದೆ.” ಆಕೆ ಫೋನನ್ನು ಮುಂದೆ ಚಾಚಿದಳು.

ಉತ್ತರ ಹೀಗಿತ್ತು: ಬನ್ನಿ, ಕೂತ್ಕೊಳ್ಳಿ. ನಿಮ್ಮ ಮಷಿನ್‌ಗೆ ಏನಾಗಿದೆ?

“ಅಪ್ಪ ಪ್ರತಿ ವಿಡಿಯೊನೂ ಹೀಗೇ ಶುರು ಮಾಡ್ತಿದ್ರು,” ಅಂದಳು. “ಇದನ್ನ ಓದಿ ಒಂದು ಗಳಿಗೆ ನನಗೆ ಅವರಿದ್ದಾರೆ ಅನ್ನಿಸ್ತು ಸರ್. ಆಮೇಲೆ ಮತ್ತೆ ಸತ್ತ ಹಾಗಾಯ್ತು. ಇದನ್ನ ನಿಲ್ಲಿಸಿ. ಅಷ್ಟು ಸಾಕು.”

ಹನ್ನೊಂದು ಹದಿನೈದಕ್ಕೆ ಎಫ್‌ಐಆರ್ ಆಯಿತು. ಮೃತನ ಹೆಸರಿನಲ್ಲಿ ಸೋಗು; ಆರೋಪಿ: ಅಪರಿಚಿತ. ಎಂಟನೇ ತಾಣದವರಿಗೆ ಮಾಹಿತಿ ಕೇಳಿ ಪತ್ರ ಹೋಯಿತು. ಐದೇ ನಿಮಿಷದಲ್ಲಿ ಉತ್ತರವೂ ಬಂತು: ನಿಮ್ಮ ಕೋರಿಕೆ ತಲುಪಿದೆ, ಮೂವತ್ತು ದಿನ ಕಾಯಿರಿ. ಅದನ್ನು ನೆಚ್ಚಿಕೊಳ್ಳುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು.

ಅವನದು ಒಂಟಿ ಜೀವ. ವರ್ಗವಾದಲ್ಲೆಲ್ಲ ಅವನ ಜತೆ ಬರುವುದು ಎರಡು ಪಾತ್ರೆ, ಒಂದು ತಟ್ಟೆ. ಆ ಸಂಜೆ ಮನೆಯಲ್ಲಿ ಊಟದ ತಟ್ಟೆಯ ಮುಂದೆ ನೀರಿನ ಲೋಟಕ್ಕೆ ಫೋನನ್ನು ಆನಿಸಿಟ್ಟು ಮಾಸ್ಟರ್ ವಿಡಿಯೊ ಹಚ್ಚಿದ. ಬೋಳುತಲೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಣ್ಣೆ ಹಿಡಿದ ಬೆರಳು.

“ಬನ್ನಿ, ಕೂತ್ಕೊಳ್ಳಿ. ನಿಮ್ಮ ಮಷಿನ್‌ಗೆ ಏನಾಗಿದೆ?”

ತನ್ನ ಮನೆಯಲ್ಲಿ ತನಗೆ ಯಾರಾದರೂ ಬನ್ನಿ ಕೂತ್ಕೊಳ್ಳಿ ಅಂದು ಎಷ್ಟು ಕಾಲವಾಯಿತು ಎಂದು ಇನ್ಸ್‌ಪೆಕ್ಟರ್ ಯೋಚಿಸಿದ. ತನಿಖೆಗೆ ನಾಲ್ಕು ವಿಡಿಯೊ ಸಾಕಾಗಿತ್ತು. ಅವನು ಹನ್ನೊಂದು ನೋಡಿದ.

ಹತ್ತನೇ ತಾರೀಖು, ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ ಮಾಸ್ಟರ್ ಅಂಗಡಿಯ ಪಂಚನಾಮೆ. ಸಾಕ್ಷಿಗೆ ಪಂಚರಾಗಿ ಪಕ್ಕದ ಇಸ್ತ್ರಿಯವನೂ ಎದುರಿನ ಬೀಗದ ಕೈ ಮಾಡುವವನೂ ಬಂದರು. ಬೀಗ ಸರಿಯಾಗಿತ್ತು. ಮಗಳು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬಾಗಿಲು ತೆಗೆದಿರಲಿಲ್ಲ. ಈಗ ತೆಗೆದವಳು ಹೊಸ್ತಿಲಲ್ಲೇ ನಿಂತಳು.

“ಮೇಜಿನ ಮೇಲೆ ಅಮ್ಮನ ಕೈಮಷಿನ್ ಇತ್ತು. ಹಿಡಿಗೆ ಹಸಿರು ಬಟ್ಟೆ ಸುತ್ತಿರೋದು. ಇಲ್ಲ.”

ವಿಡಿಯೊಗಳನ್ನು ತುಂಬಿಡುತ್ತಿದ್ದ ಹಾರ್ಡ್ ಡಿಸ್ಕೂ ಇರಲಿಲ್ಲ. ಸೋಗಿನ ಕೇಸಿಗೆ ಕಳ್ಳತನವೂ ಸೇರಿತು.

“ಇನ್ನೊಂದು ಬೀಗದ ಕೈ ಯಾರ ಹತ್ರ ಇತ್ತು?”

“ಯಾರ ಹತ್ರಾನೂ ಇಲ್ಲ. ಅಪ್ಪ ಒಬ್ರೇ ಇಲ್ಲಿ ಕೆಲಸ ಮಾಡ್ತಿದ್ದಿದ್ದು.”

“ವಿಡಿಯೊ ಯಾರು ತೆಗೀತಿದ್ರು?”

ಆಕೆ ಖಾಲಿ ಮೇಜಿನ ಕಡೆ ತಿರುಗಿದಳು. “ಕ್ಯಾಮೆರಾನ ಸ್ಟ್ಯಾಂಡಿಗೆ ಸಿಕ್ಕಿಸಿ ತಾವೇ ತೆಗೀತಾರೆ ಅಂದ್ಕೊಂಡಿದ್ದೆ. ಕೇಳಿರಲಿಲ್ಲ.”

ಮೇಜಿನ ಹಿಂದಿನ ಗೋಡೆಗೆ ಸಾಲಾಗಿ ಏಳು ಮೊಳೆ. ಮೊಳೆಗೊಂದರಂತೆ ಏಳು ದಾರದ ಉಂಡೆ. ಕೆಂಪು, ನೀಲಿ, ಹಳದಿ, ಹಸಿರು, ಕಪ್ಪು, ಕಿತ್ತಳೆ, ನೇರಳೆ. ಮಹಿಳಾ ಕಾನ್‌ಸ್ಟೆಬಲ್ ಅವನ್ನೇ ನೋಡುತ್ತ ನಿಂತಳು. ಮನೆಯಲ್ಲಿ ತನ್ನ ರವಿಕೆ ತಾನೇ ಹೊಲಿದುಕೊಳ್ಳುವ ಹುಡುಗಿ ಅವಳು.

ಠಾಣೆಗೆ ಮರಳಿದ ಮೇಲೆ ಒಂದೇ ವಿಡಿಯೊವನ್ನು ಏಳು ತಾಣದಲ್ಲೂ ತೆರೆದು ಸಾಲಾಗಿ ಇಟ್ಟಳು.

“ಸರ್, ನೀವು ಮಾಸ್ಟರ್ ಮುಖ ನೋಡ್ತೀರಿ. ನಾನು ಮಷಿನ್ ನೋಡ್ತೀನಿ. ಮೊದಲನೇದರಲ್ಲಿ ಕೆಂಪು ದಾರ, ಎರಡನೇದರಲ್ಲಿ ನೀಲಿ, ಮೂರನೇದರಲ್ಲಿ ಹಳದಿ. ಒಳಗಿನ ಪಾಠ ಒಂದೇ. ‘ಬನ್ನಿ ಕೂತ್ಕೊಳ್ಳಿ’ ಅನ್ನೋದನ್ನ ಮಾತ್ರ ದಾರ ಬದಲಿಸಿ ಬದಲಿಸಿ ಏಳು ಸಲ ತೆಗೆದಿದ್ದಾರೆ.”

“ಎಂಟನೇದರಲ್ಲಿ?”

“ಬಿಳಿ. ಮಾಸ್ಟರ್ ಹಾಕಿದ ಇನ್ನೂರ ಹನ್ನೆರಡು ವಿಡಿಯೊದಲ್ಲಿ ಎಲ್ಲೂ ಬಿಳಿ ಇಲ್ಲ ಸರ್.”

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. ಎಂಟನೇದರ ಮೊದಲಲ್ಲಿ ಮಾಸ್ಟರ್ ಮುಖವಿಲ್ಲ. ಹಳೆಯ ದನಿಯನ್ನು ಎತ್ತಿ ತಂದು ಸೇರಿಸಿದೆ. ಚಿತ್ರದಲ್ಲಿರುವುದು ಹಸಿರು ಬಟ್ಟೆ ಸುತ್ತಿದ ಕೈಮಷಿನ್ ಮಾತ್ರ. ಹಿಂದೆ ಸುಣ್ಣ ಉದುರಿದ ಗೋಡೆ, ಅದರಲ್ಲಿ ಪಕ್ಕಪಕ್ಕದಲ್ಲಿ ಎರಡು ಚಿಕ್ಕ ಚೌಕ ಕಿಂಡಿ. ಗಾಳಿಗೆ ಬಿಟ್ಟ ಕಿಂಡಿ ಇರಬೇಕು ಅಂದುಕೊಂಡ. ಕದ್ದ ಮಾಲನ್ನು ಮುಚ್ಚಿಡುವ ಕಳ್ಳರನ್ನು ಅವನು ಬೇಕಾದಷ್ಟು ಕಂಡಿದ್ದ. ಅದನ್ನೇ ಊರಿಗೆಲ್ಲ ಕಾಣುವಂತೆ ಮುಂದಿಟ್ಟವನನ್ನು ಕಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮೊಬೈಲ್ ಕವರ್ ಮಾರುವ ಒಬ್ಬನನ್ನು ಕರೆಸಿದರು. ಹಿಂದೆ ಮಾಸ್ಟರ್ ವಿಡಿಯೊ ಕದ್ದು ಬೇರೊಂದು ಹೆಸರಲ್ಲಿ ತನ್ನದೆಂದು ಹಾಕಿಕೊಂಡವನು. ಮಗಳಿಗೆ ಇವನ ಮೇಲೇ ಅನುಮಾನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಕೂರುವ ಮೊದಲೇ ಶುರು ಮಾಡಿದ.

“ಸರ್, ನಾನು ಕದ್ದಿದ್ದು ಒಂದೇ ಒಂದು. ಅದನ್ನೂ ಅವತ್ತೇ ತೆಗೆದೆ.”

“ಯಾಕೆ ತೆಗೆದೆ?”

“ಮಾಸ್ಟರ್ ಫೋನ್ ಮಾಡಿದ್ರು. ಬೈಯಲಿಲ್ಲ ಸರ್. ಬೈದಿದ್ರೆ ತೆಗೀತಿರಲಿಲ್ಲ. ‘ಕದ್ದಿದ್ದು ಕದ್ದೆ, ಸೂಜಿ ಹಾಕೋ ಭಾಗ ಯಾಕಪ್ಪಾ ಕತ್ತರಿಸಿದೆ? ಕಲಿಯೋರಿಗೆ ಅರ್ಥ ಆಗಲ್ವಲ್ಲ’ ಅಂದ್ರು. ನಾಚಿಕೆ ಆಯ್ತು.”

“ನೀನೇ ಕದ್ದಿದ್ದು ಅಂತ ಹೇಗೆ ಗೊತ್ತಾಯ್ತು?”

“ಫೋನಲ್ಲಿ ಮಾಸ್ಟರ್ ಹಿಂದಿನಿಂದ ಇನ್ನೊಬ್ರು ಕೂಗ್ತಿದ್ರು ಸರ್. ‘ಹಳದಿ ದಾರ, ಮಾಸ್ಟ್ರೆ! ಮೂರನೇ ಟಾಕೀಸಿನ ಪ್ರಿಂಟು! ಅಲ್ಲಿ ಮೆಚ್ಚಿದವರ ಪಟ್ಟಿಯಲ್ಲಿ ಇವನ ಅಂಗಡಿ ಹೆಸರೇ ಇದೆ!’ ಅಂತ.”

“ಏನಂದ್ರು? ಟಾಕೀಸಾ?”

“ಹೂಂ ಸರ್. ಟಾಕೀಸು, ಪ್ರಿಂಟು. ನನಗೂ ಅರ್ಥ ಆಗಲಿಲ್ಲ.”

ಇನ್ಸ್‌ಪೆಕ್ಟರಿಗೆ ಆಯಿತು. ಆ ಎರಡು ಚೌಕ ಕಿಂಡಿಗಳು ಗಾಳಿಗೆ ಬಿಟ್ಟವಲ್ಲ. ಒಂದರಿಂದ ಬೆಳಕು ತೆರೆಗೆ ಹೋಗುತ್ತದೆ, ಇನ್ನೊಂದರಿಂದ ಆಪರೇಟರ್ ತೆರೆ ನೋಡುತ್ತಾನೆ. ಪೇಟೆಯಲ್ಲಿ ಇದ್ದದ್ದು ಒಂದೇ ಟಾಕೀಸು. ಮುಚ್ಚಿ ಒಂಬತ್ತು ವರ್ಷ. ಈಗ ಅದು ಪ್ಲಾಸ್ಟಿಕ್ ಕುರ್ಚಿಗಳ ಗೋದಾಮು. ವಿಚಾರಿಸಿದರೆ, ಸಿನಿಮಾ ಬಿಡುತ್ತಿದ್ದ ಹಳೆಯ ಆಪರೇಟರನ್ನೇ ಮಾಲೀಕರು ಕಾವಲಿಗೆ ಇಟ್ಟುಕೊಂಡಿದ್ದಾರೆ, ಪ್ರೊಜೆಕ್ಟರ್ ಕೋಣೆಯಲ್ಲೇ ವಾಸ ಎಂದು ತಿಳಿಯಿತು.

ಹನ್ನೆರಡನೇ ತಾರೀಖು, ಗುರುವಾರ, ಬೆಳಿಗ್ಗೆ ಹನ್ನೊಂದು ಐದು. ಕಬ್ಬಿಣದ ಮೆಟ್ಟಿಲು ಹತ್ತಿ ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿದ.

“ಬನ್ನಿ, ಕೂತ್ಕೊಳ್ಳಿ,” ಅಂತು ಒಳಗಿನ ದನಿ.

ಕಾನ್‌ಸ್ಟೆಬಲ್ ಬೆಚ್ಚಿ ಇನ್ಸ್‌ಪೆಕ್ಟರ್ ಮುಖ ನೋಡಿದಳು.

ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಒಂದು ಮಂಚ, ಒಂದು ಸ್ಟೌವು, ಹಳೇ ಕಂಪ್ಯೂಟರು. ಮೇಜಿನ ಮೇಲೆ ಹಸಿರು ಹಿಡಿಯ ಕೈಮಷಿನ್, ಅದರಲ್ಲಿ ಬಿಳಿ ದಾರ. ಕಿಂಡಿಯಾಚೆ ಖಾಲಿ ಸಭಾಂಗಣ. ತೆರೆಯಿದ್ದ ಜಾಗದವರೆಗೂ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು. ಇದ್ದೊಂದು ಸ್ಟೂಲನ್ನು ಆತ ಇನ್ಸ್‌ಪೆಕ್ಟರಿಗೆ ಕೊಟ್ಟು ತಾನು ನಿಂತ.

“ಬರ್ತೀರಿ ಅಂತ ಗೊತ್ತಿತ್ತು ಸಾಹೇಬ್ರೆ. ಮಾಸ್ಟ್ರ ಮಗಳು ‘ಯಾರು ನೀನು’ ಅಂತ ಕೇಳಿದಾಗಲೇ ಗೊತ್ತಾಯ್ತು.”

“ಅಂಗಡಿ ಬೀಗದ ಕೈ?”

“ಮಾಸ್ಟ್ರೇ ಕೊಟ್ಟಿದ್ದು. ಆರು ವರ್ಷ ಗುರುವಾರ ಗುರುವಾರ ಹೋಗಿದೀನಿ. ಅವರು ಮಾತಾಡೋರು, ನಾನು ತೆಗೆಯೋನು.”

“ದಾರ ಬದಲಿಸೋ ಉಪಾಯ ಯಾರದು?”

ಆತನ ಮುಖ ಬೆಳಗಿತು. “ನಂದೇ. ಆ ಕಾಲದಲ್ಲಿ ಒಂದೇ ಸಿನಿಮಾ ಪ್ರಿಂಟನ್ನ ಈ ಟಾಕೀಸಿಗೂ ಪಕ್ಕದೂರಿನ ಟಾಕೀಸಿಗೂ ಸೈಕಲ್ ಮೇಲೆ ಹೊತ್ತವನು ನಾನು. ಇಲ್ಲಿ ಒಂದು ರೀಲು ಮುಗಿದ ಕೂಡಲೆ ಅಲ್ಲಿಗೆ ಓಡ್ಬೇಕು. ಯಾವ ಪ್ರಿಂಟು ಎಲ್ಲಿದೆ ಅಂತ ಗುರುತಿಲ್ದೆ ಇದ್ರೆ ಕೆಟ್ಟೆವು. ಅದಕ್ಕೇ ಟಾಕೀಸಿಗೊಂದು ಬಣ್ಣ.”

“ಕದ್ದ ಮಷಿನನ್ನೇ ವಿಡಿಯೊದಲ್ಲಿ ತೋರಿಸಿದ್ರೆ ಸಿಕ್ಕಿಬೀಳ್ತೀನಿ ಅನ್ನಿಸಲಿಲ್ವಾ?”

“ಗುರುತಿಲ್ಲದ ಪ್ರಿಂಟು ಹೇಗೆ ಹೊರಗೆ ಕಳಿಸೋದು ಸಾಹೇಬ್ರೆ?” ಎಂದು ಆತ ನಿಜವಾಗಿಯೂ ಆಶ್ಚರ್ಯಪಟ್ಟ. “ಎಂಟನೇ ಟಾಕೀಸು, ಹೊಸ ಬಣ್ಣ ಬೇಕೇಬೇಕಲ್ಲ. ದಾರ ತೋರಿಸೋಕೆ ಮಷಿನ್ ಬೇಕು.”

ಇನ್ಸ್‌ಪೆಕ್ಟರಿಗೆ ನಗುವೂ ಬಂತು, ಎದೆ ಭಾರವೂ ಆಯಿತು. ಸ್ಥಳದಲ್ಲೇ ಪಂಚನಾಮೆ ನಡೆಯಿತು. ಕೈಮಷಿನ್ ಒಂದು, ಹಾರ್ಡ್ ಡಿಸ್ಕ್ ಒಂದು, ಬೀಗದ ಕೈ ಒಂದು, ಕಂಪ್ಯೂಟರ್ ಒಂದು, ಬಿಳಿ ದಾರದ ಉಂಡೆ ಒಂದು. ಹನ್ನೆರಡು ನಲವತ್ತಕ್ಕೆ ಬಂಧನ. ಯಾರಿಗೆ ತಿಳಿಸಬೇಕು ಎಂದು ಕಾನ್‌ಸ್ಟೆಬಲ್ ಕೇಳಿದಳು.

“ಮಾಸ್ಟ್ರಿಗೆ ತಿಳಿಸ್ತಿದ್ದೆ,” ಅಂದ. “ಬೇರೆ ಯಾರೂ ಇಲ್ಲಮ್ಮ.”

ಸಂಜೆ ನಾಲ್ಕಕ್ಕೆ ಮಗಳು ಠಾಣೆಗೆ ಬಂದಳು. ಮಷಿನ್ ಗುರುತಿಸಿದಳು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಮುದುಕನ ಎದುರು ಹೋಗಿ ನಿಂತಳು. ನಾಲ್ಕು ದಿನದಿಂದ ಬೈಗುಳ ಕೂಡಿಟ್ಟುಕೊಂಡು ಬಂದಿದ್ದಾಳೆ ಎಂದು ಮುಖವೇ ಹೇಳುತ್ತಿತ್ತು. ಇನ್ಸ್‌ಪೆಕ್ಟರ್ ತಡೆಯಲಿಲ್ಲ.

“ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ? ಯಾಕೆ ಬಂದು ಕೇಳಲಿಲ್ಲ?”

“ಯಾರು ಅಂತ ಹೇಳ್ಕೊಂಡು ಬರಲಮ್ಮ?” ಆತ ನೆಲ ನೋಡುತ್ತಿದ್ದ. “ಒಂದು ಗುರುವಾರ ಹೋದೆ, ಅಂಗಡಿ ಮುಚ್ಚಿತ್ತು. ಫೋನ್ ಎತ್ತಲಿಲ್ಲ. ಇನ್ನೊಂದು ಗುರುವಾರಾನೂ ಹಾಗೇ. ಆಮೇಲೆ ಪ್ರಶ್ನೆ ಏನಾದ್ರೂ ಬಂದಿದೆಯಾ ಅಂತ ಮೊದಲನೇ ಟಾಕೀಸು ತೆಗೆದ್ರೆ, ಕೆಳಗೆ ನೀನು ಬರೆದಿದ್ದೆ. ನಮ್ಮ ತಂದೆ ತೀರಿಕೊಂಡು ಹನ್ನೊಂದು ದಿನ ಆಯ್ತು ಅಂತ. ನನಗೆ ಗೊತ್ತಾಗಿದ್ದು ಹಾಗೆ.”

ಮಗಳು ಪಕ್ಕದ ಕುರ್ಚಿಯಲ್ಲಿ ಕುಸಿದಂತೆ ಕೂತಳು.

“ಎಂಟನೇದು ಯಾಕೆ ಶುರು ಮಾಡಿದ್ರಿ?” ಇನ್ಸ್‌ಪೆಕ್ಟರ್ ಕೇಳಿದ. ಹೇಳಿಕೆಯಲ್ಲಿ ಉದ್ದೇಶ ಎನ್ನುವ ಜಾಗ ಇನ್ನೂ ಖಾಲಿ ಇತ್ತು.

“ಎರಡನೇದು ತೆಗೆದೆ, ಅಲ್ಲೂ ಅದೇ ಬರೆದಿತ್ತು. ಮೂರನೇದು, ನಾಲ್ಕನೇದು, ಏಳಕ್ಕೆ ಏಳರಲ್ಲೂ ಬರೆದಿತ್ತು ಸಾಹೇಬ್ರೆ. ಎಲ್ಲ ಟಾಕೀಸಲ್ಲೂ ಮಾಸ್ಟ್ರು ಸತ್ತಿದ್ರು.” ಆತ ಮೂಗು ಒರೆಸಿಕೊಂಡ. “ಯಾರಿಗೂ ಗೊತ್ತಿಲ್ಲದ ಒಂದು ಟಾಕೀಸು ಬೇಕಿತ್ತು. ಅಲ್ಲಿ ಜನ ಈಗಲೂ ಮಾಸ್ಟ್ರೇ ಅಂತ ಕರೀತಾರೆ. ಮಾಸ್ಟ್ರು ಬದುಕಿರೋದು ಅದೊಂದರಲ್ಲೇ.”

ರೈಟರ್ ಅಷ್ಟನ್ನೂ ಬರೆದ. ಬರೆದು, ಒಮ್ಮೆ ಓದಿ, ಕೈ ತಪ್ಪಿದ ಒಂದು ಅಕ್ಷರ ತಿದ್ದಿ ಮುದುಕನ ಸಹಿ ತೆಗೆದುಕೊಂಡ. ಮಗಳು ಎದ್ದು ಹೊರಟಳು. ಬಾಗಿಲ ಬಳಿ ನಿಂತು ಇನ್ಸ್‌ಪೆಕ್ಟರನ್ನು ಕೇಳಿದಳು.

“ಎಂಟನೇದರಲ್ಲೂ ನಾನು ಬರೀಬೇಕಾ ಸರ್?”

“ಅದು ಪೊಲೀಸರ ಕೆಲಸ ಅಲ್ಲಮ್ಮ. ನಿಮಗೆ ಬಿಟ್ಟಿದ್ದು.”

ಶುಕ್ರವಾರ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು. ಜಾಮೀನು ಅರ್ಜಿಯ ವಿಚಾರಣೆ ಬುಧವಾರಕ್ಕೆ. ಅವನಿಗೆ ಜಾಮೀನು ನಿಲ್ಲುವವರು ಯಾರೂ ಇಲ್ಲವೆಂದು ಕಾನ್‌ಸ್ಟೆಬಲ್ ಎರಡು ಸಲ ಹೇಳಿದಳು. ಇನ್ಸ್‌ಪೆಕ್ಟರ್ ಎರಡು ಸಲವೂ ಕೇಳಿಸದವನಂತೆ ಇದ್ದ.

ಸೋಮವಾರ ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಎಂಟನೇ ತಾಣ ತೆರೆದ. ಗುರುವಾರ ಹೊಸ ವಿಡಿಯೊ ಬಂದಿರಲಿಲ್ಲ. ಹಳೆಯದರ ಕೆಳಗೆ ಎಲ್ಲಿಯವಳೋ ಒಬ್ಬಳು ಬರೆದಿದ್ದಳು: ಮಾಸ್ಟ್ರೇ, ನಾಲ್ಕು ದಿನದಿಂದ ಕಾಯ್ತಿದ್ದೀನಿ. ಕೆಳಗಿನ ದಾರ ಗಂಟು ಗಂಟಾಗ್ತಿದೆ. ಹುಷಾರಾಗಿದ್ದೀರಾ?

ಅದರ ಕೆಳಗೆ ಮಗಳ ಹೆಸರು ಕಂಡು ಇನ್ಸ್‌ಪೆಕ್ಟರ್ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಬೇಡ ತಾಯೀ, ಬರೆಯಬೇಡ, ಎಂದು ಬಾಯಿಬಿಟ್ಟೇ ಅಂದ. ಆಮೇಲೆ ಓದಿದ.

ಸ್ವಲ್ಪ ಕಾಯಿರಿ ಅಕ್ಕ, ಎಂದು ಆಕೆ ಬರೆದಿದ್ದಳು. ಬುಧವಾರ ನಾನೇ ಹೋಗಿ ಆಪರೇಟರನ್ನ ಕರ್ಕೊಂಡು ಬರ್ತೀನಿ. ಗುರುವಾರ ಉತ್ತರ ಬರುತ್ತೆ.