ಸಮುದ್ರ ಮಲಗುವ ಕೆಸರು

ಸಮುದ್ರ ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲ ಅದು. ಅಳಿವೆಯ ದಂಡೆಯಲ್ಲೊಂದು ರಾಜ್ಯವಿತ್ತು. ಅಲ್ಲಿಯ ರಾಜನಿಗೆ ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದೇ ರಾಜ್ಯಭಾರ. ರಾಣಿ ರತ್ನಪ್ರಭೆ ಯಾವುದೋ ದೂರದೇಶದ ರಾಜಕುಮಾರಿಯಂತೆ. ಅಂತೆ! ಕೆಸರಲ್ಲಿ ಚಿಪ್ಪು ಹೆಕ್ಕುವ ಬೀರಮ್ಮನ ಹಿರಿಮಗಳು ದೇಮು ಅವಳು. ಊರಿಗೆಲ್ಲ ಗೊತ್ತು, ರಾಜನೊಬ್ಬನಿಗೆ ಗೊತ್ತಿಲ್ಲ.

ಅರಮನೆಯ ಕಿಟಕಿ ತೆರೆದರೆ ಕಾಂಡ್ಲಾ ಕಾಡು. ಉಬ್ಬರದಲ್ಲಿ ನೀರಲ್ಲಿ, ಇಳಿತದಲ್ಲಿ ಕೆಸರಲ್ಲಿ ನಿಲ್ಲುವ ಮರಗಳು. ಆ ಕೆಸರಿನ ವಾಸನೆ ಬಂದರೆ ರಾಣಿಗೆ ತವರು ನೆನಪಾಗಿ ಮುಖ ಕಪ್ಪಿಡುತ್ತಿತ್ತು. ಶುಷ್ಕನಾಥನೆಂಬ ಮಾಂತ್ರಿಕನನ್ನು ಗುಟ್ಟಾಗಿ ಕರೆಸಿ, ಕೆಸರು ಕಣ್ಣಿಗೆ ಬೀಳದ ಹಾಗೆ ಗೋಡೆ ಕಟ್ಟಿಕೊಡು ಅಂದಳು. ಎಷ್ಟು ಹೊತ್ತು ಒಳಗೆ ಕೂತಿದ್ದನೋ, ನಾನು ಮಾತ್ರ ಹೇಳುವುದಿಲ್ಲ.

ಅವನು ಒಂದು ಉಸಿರಿಗೆ ಕಾಡನ್ನು ಒಣಗಿಸಿದ. ಇನ್ನೊಂದು ಉಸಿರಿಗೆ ಸಮುದ್ರಕ್ಕೆ ಅಡ್ಡ ಕಲ್ಲುಗೋಡೆ ಎಬ್ಬಿಸಿದ. ಗೋಡೆಗೊಂದು ಬಾಗಿಲು, ಬಾಗಿಲಿಗೊಂದು ಅಗುಳಿ. "ಗೋಡೆ ಬೇಡಿದವಳ ಕೈಗೆ ಮಾತ್ರ ಇದು ಸರಿಯುತ್ತದೆ," ಅಂತ ಗೋಡೆಯ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ ಸಾರಿ, ಅಲ್ಲೇ ಕಾವಲು ಕೂತ.

ಹುಣ್ಣಿಮೆ ಬಂತು. ಗೋಡೆಗೆ ಹಣೆ ಚಚ್ಚಿಕೊಂಡ ಸಮುದ್ರ ಪಕ್ಕಕ್ಕೆ ತಿರುಗಿ ಚಿಪ್ಪಿನವರ ಕೇರಿಯನ್ನು ನುಂಗಿತು. ಬೀರಮ್ಮನೂ ಹೋದಳು. ಹೆಣ ಸಿಗಲಿಲ್ಲ. ರಾಣಿ ಅಂದು ಹೊಸ ಸೀರೆ ಉಟ್ಟಿದ್ದಳು. ಅಳುವ ಹಾಗಿಲ್ಲವಲ್ಲ, ಪಾಪ.

ಬದುಕಿ ಉಳಿದ ಕಿರಿಮಗಳು ಸಣ್ಣು ದಂಡೆಗೆ ಹೋಗಿ ಕೂಗಿದಳು. "ನಮ್ಮವ್ವ ನಿನಗೇನು ಮಾಡಿದ್ದಳೋ?"

"ವರ್ಷವರ್ಷವೂ ನಾನು ಉಬ್ಬುತ್ತಿದ್ದೇನೆ ಮಗಳೇ," ಅಂದಿತು ಸಮುದ್ರ. "ಕಾಂಡ್ಲಾ ಬೇರಿನ ಮೇಲೆ ಮಲಗುತ್ತಿದ್ದೆ. ಹಾಸಿಗೆ ಕಿತ್ತರೆ ಎಲ್ಲಿ ಹೋಗಲಿ? ಮೂರು ಹುಣ್ಣಿಮೆಯೊಳಗೆ ಹಾಸಿಕೊಡು. ಇಲ್ಲವಾದರೆ ಇಡೀ ಊರ ಮೇಲೆಯೇ ಮಲಗುತ್ತೇನೆ."

ಸಣ್ಣು ದೂರದ ಅಳಿವೆಯಿಂದ ಕಾಂಡ್ಲಾ ಕೋಡುಗಳನ್ನು, ಮರದಲ್ಲೇ ಮೊಳೆತು ಜೋಲುವ ಉದ್ದ ಬೀಜಗಳನ್ನು, ತಂದು ಗೋಡೆಯಾಚೆ ನೆಟ್ಟಳು. ಶುಷ್ಕನಾಥ ಕಬ್ಬಿಣದ ಏಡಿಗಳನ್ನು ಬಿಟ್ಟ. ಅವು ಒಂದು ಕೋಡನ್ನೂ ಉಳಿಸಲಿಲ್ಲ. ಮೊದಲ ಹುಣ್ಣಿಮೆಗೆ ಪೇಟೆ ಹೋಯಿತು.

ಕಾಂಡ್ಲಾ ನೆಡಿಸಿ ಅಂತ ಸಣ್ಣು ರಾಜನ ಕಾಲಿಗೆ ಬಿದ್ದಳು. ರಾಜ ಹೂಂ ಅಂದ. ಆಸ್ಥಾನದ ದೊಡ್ಡವರು ಶಾಲು ಹೊದ್ದು ಬಂದು, ಕಾಲಿಗೆ ಕೆಸರಾಗದ ಹಾಗೆ ಗೋಡೆಯ ಒಳಗೇ ಸಾಲುಸಾಲಾಗಿ ನೆಟ್ಟು, ಅರಮನೆ ಬಾವಿಯ ಸಿಹಿನೀರು ಹೊಯ್ದರು!

"ಇದೇನು ನಿಮ್ಮ ಮಲ್ಲಿಗೆ ಬಳ್ಳಿಯೇ? ಉಪ್ಪುನೀರು ದಿನಕ್ಕೆರಡು ಸಲ ಬಂದು ಹೋಗಬೇಕು," ಅಂದಳು ಸಣ್ಣು.

"ಚಿಪ್ಪು ಹೆಕ್ಕುವವಳು ನಮಗೆ ಕಲಿಸುತ್ತಾಳೆ," ಅಂತ ನಕ್ಕರು. ಕೋಡುಗಳೆಲ್ಲ ಕೊಳೆತವು. ಎರಡನೇ ಹುಣ್ಣಿಮೆಗೆ ಕಣಜ ಹೋಯಿತು, ಅದರ ಹಿಂದಿನ ಕೇರಿಯ ಮಕ್ಕಳೂ ಹೋದರು. ನಕ್ಕವರಲ್ಲಿ ಇಬ್ಬರ ಮಕ್ಕಳು ಅದರಲ್ಲಿದ್ದರು.

ಮೂರನೇ ಹುಣ್ಣಿಮೆಯ ಬೆಳಿಗ್ಗೆ ಸಣ್ಣು ತುಂಬಿದ ಸಭೆಗೆ ನುಗ್ಗಿದಳು. "ಅಕ್ಕಾ!"

ಸಭೆ ಬಾಯಿಬಿಟ್ಟುಕೊಂಡು ನೋಡಿತು. ರಾಜ ಮೊದಲ ಸಲ ಹೂಂ ಅನ್ನಲಿಲ್ಲ.

"ಯಾರೇ ನೀನು?" ಅಂದಳು ರಾಣಿ.

"ಬೀರಮ್ಮನ ಮಗಳು. ನಿನ್ನ ಹಾಗೆಯೇ. ಅಗುಳಿ ತೆಗೆಯಲು ನಿನ್ನ ಕೈ ಬೇಕು, ಬಾ."

ರಾಣಿ ಸಿಂಹಾಸನದಿಂದ ಇಳಿದಳು. "ತೆಗೆದವಳು ಉಳಿಯುತ್ತಾಳೇನೇ?"

"ಇಲ್ಲ ಅಕ್ಕಾ."

ರಾಣಿ ಬಳೆ ಬಿಚ್ಚಿ ತಂಗಿಯ ಕೈಗಿಟ್ಟಳು. "ಒಳ್ಳೆಯ ಬಳೆ. ಒದ್ದೆ ಮಾಡಬೇಡ." ಬರಿಗಾಲಲ್ಲಿ ನಡೆದು ಹೋಗಿ ಅಗುಳಿ ಎಳೆದಳು. ನೀರು ಅವಳನ್ನು ಎತ್ತಿಕೊಂಡು ಹೋಯಿತು. ಗೋಡೆ ಬಿತ್ತು. ಅದರ ಮೇಲಿದ್ದ ಶುಷ್ಕನಾಥ ಉಪ್ಪಾಗಿ ಕರಗಿದ. ಏಡಿಗಳು ತುಕ್ಕು ಹಿಡಿದವು.

"ಕೆಸರು ಸಿಕ್ಕಿತು," ಅಂದಿತು ಸಮುದ್ರ. "ಮರ ಬೆಳೆಯುವವರೆಗೆ ತಾಳುತ್ತೇನೆ."

ಊರೆಲ್ಲ ಸೊಂಟಮಟ್ಟ ಕೆಸರಿಗಿಳಿದು ನೆಟ್ಟಿತು. ಕಾಡು ಬಂತು, ಮೀನು ಬಂತು, ಜನ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ರಾಜನೂ ಸುಖವಾಗಿದ್ದ, ಆರು ತಿಂಗಳಿಗೇ ಇನ್ನೊಂದು ಮದುವೆಯಾದ, ನಾಚಿಕೆಗೆಟ್ಟವನು. ಹೊಸ ರಾಣಿಯ ಪಲ್ಲಕ್ಕಿಯನ್ನು ಸಣ್ಣು ದಂಡೆಯಲ್ಲೇ ತಡೆದಳು. ಅವಳ ಕೈಗೊಂದು ಕಾಂಡ್ಲಾ ಕೋಡು ಕೊಟ್ಟು ಅಂದಳು: "ಇಳಿಯಮ್ಮಾ. ಮೊದಲು ಇದನ್ನು ನೆಡು, ಆಮೇಲೆ ಅರಮನೆ."