ಅಕ್ಕನ ಕಂಪ್ಯೂಟರ್

ಹದಿನೆಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಆದರೆ ನನ್ನ ಜೀವ ಹಿಂಡಿದ್ದು ಅಕ್ಕನ ಮನೆಯದು. ಅವಳು ಪ್ರಬಂಧ ಟೈಪ್ ಮಾಡುತ್ತಿದ್ದರೆ ಮಧ್ಯೆ ತಾನಾಗಿ ಆಫ್ ಆಗುತ್ತಿತ್ತು. ಪವರ್ ಸಪ್ಲೈ ಬದಲಿಸಿದೆ, ಫ್ಯಾನಿನ ಧೂಳು ಕೊಡವಿದೆ. ಬಿಸಿಯಾಗಿ ಆಫ್ ಆಗುತ್ತಿದೆಯೇನೋ ಎಂದು ಮುಟ್ಟಿದರೆ, ಡಬ್ಬ ಮಂಜಿನಂತೆ ಕೊರೆಯುತ್ತಿತ್ತು.

"ಮತ್ತೆರಡು ಪುಟ ಹೋಯ್ತು ಕಣೋ. ನಾಳೆ ಕೊಡಬೇಕು. ನೀನು ರಿಪೇರಿ ಮಾಡ್ತಿದ್ದೀಯೋ, ಆಟ ಆಡ್ತಿದ್ದೀಯೋ?" ಎಂದಳು ಅಕ್ಕ.

ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ ತೆರೆದೆ. ಪ್ರತಿ ಸಲವೂ ಅದೇ ಸಾಲು: ಪವರ್ ಬಟನ್ ಒತ್ತಲಾಗಿದೆ.

ಹಾಳು ಬಟನ್ನೇ ಅಂಟಿಕೊಳ್ಳುತ್ತಿರಬೇಕೆಂದು ವೈರ್ ಸಮೇತ ಅದನ್ನು ಕಿತ್ತು ಜೇಬಿಗಿಳಿಸಿದೆ. ಬಟನ್ನಿನ ವೈರ್ ಸಿಕ್ಕಿಸುತ್ತಿದ್ದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡಿದೆ.

"ಇನ್ನು ಧೈರ್ಯವಾಗಿ ಬರಿ" ಎಂದು ಚಪ್ಪಲಿ ಮೆಟ್ಟಿದೆ.

"ಬಾರೋ ಇಲ್ಲಿ" ಎಂದಳು ಅಕ್ಕ, ಮೆಲ್ಲಗೆ.

ಪರದೆ ಕಪ್ಪಗಿತ್ತು. ಮತ್ತೆ ಚಾಲೂ ಮಾಡಿ ದಾಖಲೆ ನೋಡಿದೆ. ಈಗ ಆಫ್ ಆದದ್ದು ಮೂರು ಗಂಟೆ ಹತ್ತು ನಿಮಿಷಕ್ಕೆ: ಪವರ್ ಬಟನ್ ಒತ್ತಲಾಗಿದೆ.

ಆ ಹೊತ್ತಿಗೆ ಬಟನ್ ನನ್ನ ಜೇಬಿನಲ್ಲಿತ್ತು.