ಖಾಲಿ ಬಿಡಬೇಡಿ

ಆ ಕನ್ನಡಕದ ಸ್ಕ್ರೂ ಏಳನೆಯ ಸಲ ಸಡಿಲವಾಗಿ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಮೇಷ್ಟ್ರೇ, ಕನ್ನಡಕ ಹಾಕ್ಕೊಂಡು ಕುಸ್ತಿ ಏನಾದ್ರೂ ಆಡ್ತೀರಾ?"

"ಇಲ್ಲ. ಡ್ರಾಯಿಂಗ್ ಹೇಳಿಕೊಡ್ತೀನಿ, ಅಷ್ಟೇ."

"ಮಂಗಳವಾರ ಬಲಗಡೆದು ಬಿಗಿ ಮಾಡಿದೆ. ಇವತ್ತು ಶುಕ್ರವಾರ, ಎಡಗಡೆದು. ತುಂಬಾ ಶಿಸ್ತಿನ ಸ್ಕ್ರೂ ನಿಮ್ದು."

ಕನ್ನಡಕವಿಲ್ಲದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಅವನು ಗೋಡೆಯ ಮೇಲಿನ ಅಕ್ಷರದ ಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. ಸ್ಕ್ರೂವಿನ ತಲೆಯ ಮೇಲೆ ಪೆನ್ಸಿಲ್ ಕೆತ್ತುವ ಬ್ಲೇಡಿನ ಗೀರು ಅವಳ ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕಂಡದ್ದನ್ನು ಅವಳು ಹೇಳಲಿಲ್ಲ. ಹೇಳಿದರೆ ಮುಂದಿನ ಮಂಗಳವಾರ ಅವನು ಬರದಿದ್ದರೆ?

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಲೆನ್ಸ್ ಉಜ್ಜಲು ಕೂತು ಆರು ವರ್ಷವಾಗಿತ್ತು. ಬೇರೆಯವರು ಬರೆದುಕೊಟ್ಟ ನಂಬರಿಗೆ ಗಾಜು ಉಜ್ಜಿ ಉಜ್ಜಿ, ಆ ನಂಬರನ್ನು ತಾನೇ ಕಂಡುಹಿಡಿಯಬೇಕೆಂಬ ಆಸೆ ಹುಟ್ಟಿತ್ತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಕಾಲೇಜಿನಲ್ಲಿ ಕಣ್ಣು ಪರೀಕ್ಷೆಯ ನಾಲ್ಕು ವರ್ಷದ ಕೋರ್ಸ್ ಇತ್ತು. ಪ್ರವೇಶ ಪರೀಕ್ಷೆಯಲ್ಲಿ ಇನ್ನೂರಕ್ಕೆ ನೂರ ಅರವತ್ತು ಬಂದರೆ ಫೀಸು, ಹಾಸ್ಟೆಲ್ಲು ಎಲ್ಲಕ್ಕೂ ಮೆರಿಟ್ ಸ್ಕಾಲರ್‌ಶಿಪ್. ಒಂದು ಮಾರ್ಕ್ಸ್ ಕಡಿಮೆಯಾದರೂ ಅರ್ಧ ಮಾತ್ರ. ಹೊಲಿಗೆ ಮಾಡಿ ಅವಳನ್ನು ಸಾಕಿದ ದೊಡ್ಡಮ್ಮನ ಮನೆಯಲ್ಲಿ ಆ ಉಳಿದ ಅರ್ಧ ಎಲ್ಲಿಂದಲೂ ಹುಟ್ಟುವಂತಿರಲಿಲ್ಲ.

ಹೋದ ವರ್ಷ ಬಂದದ್ದು ನೂರ ಐವತ್ತೇಳು. ಈಗ ಅವಳಿಗೆ ಇಪ್ಪತ್ತೇಳು. ಮುಂದಿನ ವರ್ಷ ವಯಸ್ಸಿನ ಮಿತಿ ದಾಟುತ್ತದೆ. ಇದೇ ಕೊನೆಯ ಸಲ.

ಅವನು ಮೊದಲು ಅಂಗಡಿಗೆ ಬಂದದ್ದು ಒಂದು ತಿಂಗಳ ಹಿಂದೆ, ಹೊಸ ಕನ್ನಡಕಕ್ಕೆ. ಅವಳು ಕೌಂಟರಿನ ಕೆಳಗೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ತಲೆ ಕೆರೆಯುತ್ತಿದ್ದಳು. ಮಡಚಿದ ಕಾಗದದ ಪ್ರಶ್ನೆ. ಕಾಗದವನ್ನು ಹೀಗೆ ಹೀಗೆ ಮಡಚಿ ಒಂದು ತೂತು ಮಾಡಿದೆ, ಬಿಚ್ಚಿದಾಗ ಹೇಗೆ ಕಾಣುತ್ತದೆ? ಹೋದ ವರ್ಷ ಅವಳನ್ನು ಮುಳುಗಿಸಿದ್ದೇ ಈ ಪ್ರಶ್ನೆಗಳು.

"ಎರಡನೇದು," ಎಂದಿತ್ತು ತಲೆಯ ಮೇಲಿನಿಂದ ಒಂದು ದನಿ. ಆಮೇಲೆ ಗಾಬರಿಯಲ್ಲಿ, "ಕ್ಷಮಿಸಿ. ಬೇರೆಯವರ ಪ್ರಶ್ನೆಗೆ ಉತ್ತರ ಹೇಳಬಾರದಿತ್ತು."

"ಉತ್ತರ ಯಾರಿಗೆ ಬೇಕು? ಹೇಗೆ ಅಂತ ಹೇಳಿ."

ಅವನು ಲೆನ್ಸ್ ಒರೆಸುವ ತೆಳು ಕಾಗದವೊಂದನ್ನು ತೆಗೆದುಕೊಂಡ. ಮಡಚಿದ. ಬಿಲ್ಲು ಚುಚ್ಚುವ ಪಂಚಿನಿಂದ ಟಕ್ಕೆಂದು ಒಂದು ತೂತು ಒತ್ತಿದ.

"ಒಂದೇ ಸಲ ಪೂರ್ತಿ ಬಿಚ್ಚೋಕೆ ಹೋಗಬೇಡಿ. ಕೊನೇ ಮಡಿಕೆ ಯಾವುದೋ, ಅದನ್ನ ಮೊದಲು ಬಿಚ್ಚಿ. ಆಮೇಲೆ ಅದರ ಹಿಂದಿನದು. ಪ್ರತಿ ಮಡಿಕೆಗೂ ತೂತಿಗೆ ಒಂದು ಜೊತೆ ಹುಟ್ಟುತ್ತೆ."

ಅವಳ ಬೆರಳುಗಳಲ್ಲಿ ಕಾಗದ ಬಿಚ್ಚಿಕೊಂಡಿತು. ಒಂದು ತೂತು ಎರಡಾಯಿತು, ಎರಡು ನಾಲ್ಕಾಯಿತು. ಆ ನಾಲ್ಕು ತೂತುಗಳಲ್ಲಿ ಒಂದರಿಂದ ಅವಳು ಅವನನ್ನು ನೋಡಿದಳು. ಸೀಮೆಸುಣ್ಣದ ಪುಡಿ ಮೆತ್ತಿದ ಅಂಗಿ, ತಾನು ಮಾಡಿದ ಸಣ್ಣ ಉಪಕಾರಕ್ಕೆ ತಾನೇ ನಾಚಿಕೊಂಡ ಮುಖ.

"ಇನ್ನೊಂದು ವಿಷಯ," ಎಂದ ಅವನು ಹೊರಡುವಾಗ. "ಈ ಪರೀಕ್ಷೇಲಿ ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯಲ್ಲ. ಗೊತ್ತಿಲ್ದಿದ್ರೂ ಖಾಲಿ ಬಿಡಬೇಡಿ."

ಅಂದಿನಿಂದ ಮಂಗಳವಾರ, ಶುಕ್ರವಾರ ಸ್ಕ್ರೂ ಸಡಿಲವಾಗತೊಡಗಿತು. ಅಂಗಡಿಯ ಯಜಮಾನರು ವಯಸ್ಸಾದವರು, ಮಂಡಿನೋವಿನವರು. ಆದರೂ ಆ ಹೊತ್ತಿಗೆ ಬೇರೆ ಗಿರಾಕಿ ಬಂದರೆ ತಾವೇ ಎದ್ದು ಬರುತ್ತಿದ್ದರು. "ನೀವು ಸ್ಕ್ರೂ ನೋಡಿ. ನನ್ನ ಕಾಲಿಗೂ ಒಂಚೂರು ವ್ಯಾಯಾಮ ಬೇಕು," ಎನ್ನುತ್ತಿದ್ದರು. ಸ್ಕ್ರೂ ಬಿಗಿ ಮಾಡಲು ಮುಕ್ಕಾಲು ಗಂಟೆ ಯಾಕೆ ಬೇಕೆಂದು ಒಂದು ದಿನವೂ ಕೇಳಲಿಲ್ಲ.

ಕೇಳಿದ್ದು ದೊಡ್ಡಮ್ಮ.

"ಸ್ಕ್ರೂ ಲೂಸ್ ಆಗಿರೋದು ಕನ್ನಡಕದ್ದಲ್ಲ ಕಣೇ, ಮೇಷ್ಟ್ರದ್ದು."

"ಸುಮ್ನಿರು ದೊಡ್ಡಮ್ಮ. ಪಾಪ, ಪಾಠ ಹೇಳಿಕೊಡ್ತಾರೆ."

"ನಾನೇನಂದೆ? ಪಾಠ ಕಲೀ ಅಂದೆ," ಎಂದು ದೊಡ್ಡಮ್ಮ ಹೊಲಿಗೆ ಯಂತ್ರದ ಪೆಡಲು ಒತ್ತಿ, ಮುಂದಿನ ಮಾತನ್ನು ಆ ಸದ್ದಿನಲ್ಲಿ ನುಂಗಿಕೊಂಡರು.

ಹಾಲ್ ಟಿಕೆಟ್ ಬಂದಾಗ ಪರೀಕ್ಷಾ ಕೇಂದ್ರ ಅವನದೇ ಶಾಲೆ. ಅವಳಿಗೆ ಅರ್ಧ ಭಯ ಅಲ್ಲಿಗೇ ಇಳಿಯಿತು. ಯಾವ ಕೋಣೆಗೆ ಯಾರು ಮೇಲ್ವಿಚಾರಕರು ಎಂಬುದನ್ನು ಅವತ್ತು ಬೆಳಿಗ್ಗೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ ಎಂದಿದ್ದ ಅವನು. ದೂರದಲ್ಲಿ ಎಲ್ಲೋ ಕಾರಿಡಾರಿನಲ್ಲಿ ಕಂಡು ಒಮ್ಮೆ ನಕ್ಕರೂ ಸಾಕು ಎಂದುಕೊಂಡೇ ಅವಳು ಹೋದಳು.

ಹದಿನಾಲ್ಕನೆಯ ಕೋಣೆ. ಮೂರನೆಯ ಸಾಲಿನ ಕಿಟಕಿಯ ಪಕ್ಕದ ಬೆಂಚು. ಬಾಗಿಲಲ್ಲಿ ಉತ್ತರದ ಹಾಳೆಗಳ ಕಟ್ಟು ಹಿಡಿದು ಬಂದವನು ಅವನೇ! ಅವಳ ಮುಖದಲ್ಲಿ ನಗು ಅರಳುವಷ್ಟರಲ್ಲಿ ಅವನ ಕಣ್ಣು ಅವಳ ಮೇಲೆ ಬಿತ್ತು. ಮುಖ ಬಿಳಿಚಿಕೊಂಡಿತು. ಹೊಸ್ತಿಲಿನೊಳಗೆ ಇಟ್ಟಿದ್ದ ಒಂದು ಕಾಲನ್ನು ಹಿಂದಕ್ಕೆ ತೆಗೆದ. ತಿರುಗಿದ. ಹೊರಟೇ ಹೋದ.

ಅವಳ ನಗು ಯಾರೂ ತೆಗೆದುಕೊಳ್ಳದ ಪೊಟ್ಟಣದಂತೆ ಮುಖದ ಮೇಲೇ ಉಳಿಯಿತು.

ಐದು ನಿಮಿಷದ ನಂತರ ಬಂದದ್ದು ಆ ಶಾಲೆಯ ಲೆಕ್ಕದ ಮೇಡಂ. ತಲೆ ಪೂರ್ತಿ ಬೆಳ್ಳಗೆ, ದನಿ ಗಡುಸು. ಹಾಳೆ ಹಂಚುತ್ತ ಬಂದವರು ಅವಳ ಬೆಂಚಿನ ಬಳಿ ನಿಂತರು. ಬೆಂಚು ಒಂದು ಕಾಲು ಗಿಡ್ಡವಾಗಿ ಓಲಾಡುತ್ತಿತ್ತು. ಬಗ್ಗಿ, ತಮ್ಮ ಚೀಲದಿಂದ ಒಂದು ರಟ್ಟು ತೆಗೆದು, ಮಡಚಿ, ಕಾಲಿನಡಿಗೆ ತುರುಕಿದರು. ಎದ್ದು ನಿಲ್ಲುವಾಗ ಸೊಂಟ ಹಿಡಿದುಕೊಂಡರು.

"ಈಗ ಅಲ್ಲಾಡಲ್ಲ. ನೀನೂ ಅಲ್ಲಾಡಬೇಡ," ಎಂದರು, ಅವಳಿಗಷ್ಟೇ ಕೇಳುವಂತೆ.

ಮೊದಲ ಹತ್ತು ನಿಮಿಷ ಅಕ್ಷರಗಳು ಕಣ್ಣಿಗೆ ನಿಲ್ಲಲಿಲ್ಲ. ಅಂಗಡಿಯಲ್ಲಿ ಯಾರೂ ನೋಡದಿದ್ದಾಗ ಪರಿಚಯ ಬೇಕು, ಸಹೋದ್ಯೋಗಿಗಳ ಮುಂದೆ ಬೇಡ, ಅಲ್ಲವೇ? ಲೆನ್ಸ್ ಉಜ್ಜುವವಳು ಪರಿಚಯ ಎಂದು ಹೇಳಿಕೊಳ್ಳಲು ನಾಚಿಕೆ, ಅಲ್ಲವೇ? ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪೆನ್ ಹಿಡಿದಳು.

ಮಡಚಿದ ಕಾಗದದ ಪ್ರಶ್ನೆಗಳು ನಾಲ್ಕು ಬಂದಿದ್ದವು. ಮನಸ್ಸಿನಲ್ಲಿ ಅವನನ್ನು ಬೈಯುತ್ತಲೇ, ಅವನು ಕಲಿಸಿದ ಹಾಗೆಯೇ ಕೊನೆಯ ಮಡಿಕೆಯಿಂದ ಬಿಚ್ಚುತ್ತ ಬಂದಳು. ನಾಲ್ಕೂ ಬಿಚ್ಚಿಕೊಂಡವು. ಗಂಟೆ ಬಾರಿಸಲು ಎರಡು ನಿಮಿಷವಿದ್ದಾಗ ಏಳು ಪ್ರಶ್ನೆ ಬಾಕಿ. ಒಂದಕ್ಕೂ ಉತ್ತರ ಗೊತ್ತಿಲ್ಲ. ಖಾಲಿ ಬಿಡಬೇಡಿ. ಏಳಕ್ಕೂ ಊಹೆಯಿಂದಲೇ ಉತ್ತರದ ಹಾಳೆಯ ಒಂದೊಂದು ದುಂಡು ತುಂಬಿದಳು. ತುಂಬುವಾಗ ಒಂದು ಹನಿ ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಎಡಗೈಯಲ್ಲಿ ಹಿಡಿದುಕೊಂಡಳು.

ಹೊರಗೆ ಗೇಟಿನ ಹತ್ತಿರ ಅವನು ನಿಂತಿದ್ದ. ಅವಳನ್ನು ಕಂಡದ್ದೇ ಒಳಗೆ ಹೋದ.

ಆಮೇಲೆ ಐದು ವಾರ ಯಾವ ಸ್ಕ್ರೂವೂ ಸಡಿಲವಾಗಲಿಲ್ಲ. ಮಂಗಳವಾರ ಬರುತ್ತಿತ್ತು, ಶುಕ್ರವಾರ ಬರುತ್ತಿತ್ತು. ಬಾಗಿಲಿನ ಗಂಟೆ ಕಿಣಿ ಎಂದಾಗಲೆಲ್ಲ ಅವಳು ತಲೆ ಎತ್ತಬಾರದೆಂದುಕೊಂಡು ಎತ್ತುತ್ತಿದ್ದಳು. ಯಜಮಾನರು ನೋಡಿಯೂ ನೋಡದವರಂತೆ ಫ್ರೇಮುಗಳ ದೂಳು ಒರೆಸುತ್ತಿದ್ದರು.

"ಬೈದ್ನಾ ಏನಾದ್ರೂ?" ಎಂದು ದೊಡ್ಡಮ್ಮ ಒಂದು ದಿನ ಮೆಲ್ಲಗೆ ಕೇಳಿದರು.

"ಬೈದಿದ್ರೆ ವಾಪಸ್ ಬೈಬಹುದಿತ್ತು ದೊಡ್ಡಮ್ಮ."

ದೊಡ್ಡಮ್ಮ ತಮಾಷೆ ಮಾಡಲಿಲ್ಲ. ಸೂಜಿ, ದಾರ ಎರಡನ್ನೂ ಅವಳ ಕೈಗೆ ಕೊಟ್ಟು, "ಪೋಣಿಸಿಕೊಡು, ನಂಗೆ ಕಾಣಲ್ಲ," ಎಂದರು. ಕಾಣುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಕೈಗೆ ಒಂದು ಕೆಲಸ ಬೇಕೆಂಬುದೂ ಗೊತ್ತಿತ್ತು.

ಫಲಿತಾಂಶ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಯಜಮಾನರು ತಮ್ಮ ಮೊಬೈಲನ್ನು ಮುಖದಿಂದ ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಅವಳ ಕೈಗೇ ಕೊಟ್ಟರು.

ನೂರ ಅರವತ್ತೊಂದು.

ಅವಳು ಇನ್ನೊಮ್ಮೆ ಓದಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಪೂರ್ಣ ವಿದ್ಯಾರ್ಥಿವೇತನಕ್ಕೆ ಅರ್ಹರು. ಆರು ವರ್ಷ ಬೇರೆಯವರಿಗೆ ಸ್ಪಷ್ಟ ಮಾಡಿಕೊಟ್ಟ ಕಣ್ಣಿಗೆ ತನ್ನದೇ ನಂಬರು ಮಂಜಾಗಿ ಕಂಡಿತು. ಯಜಮಾನರು ಮಂಡಿನೋವು ಮರೆತು ಎದುರಿನ ಅಂಗಡಿಗೆ ಸಿಹಿ ತರಲು ಓಡಿದರು.

ಒಂದು ಮಾರ್ಕ್ಸ್ ಹೆಚ್ಚು. ಆ ಏಳು ದುಂಡುಗಳಲ್ಲಿ ಯಾವುದೋ ಒಂದೆರಡು ಸರಿಯಾಗಿರಬೇಕು. ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕೆಂದು ಮನಸ್ಸಿಗೆ ಅನ್ನಿಸಿತೋ ಅವನು ಮುಖ ತಿರುಗಿಸಿ ಹೋದವನು. ಆ ಸಿಟ್ಟಿನ ತಳದಲ್ಲಿ ಕೃತಜ್ಞತೆ ಗಟ್ಟಿಯಾಗಿ ಕೂತಿತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅವಳಿಗೆ ತುಂಬ ಕಷ್ಟವಾಯಿತು.

ಮಧ್ಯಾಹ್ನ ಬಾಗಿಲಿನ ಗಂಟೆ ಕಿಣಿ ಎಂದಿತು. ಲೆಕ್ಕದ ಮೇಡಂ.

"ಓದೋ ಕನ್ನಡಕ ಬೇಕಿತ್ತು," ಎಂದವರು ಅವಳನ್ನು ನೋಡಿ ಅಲ್ಲೇ ಕೂತರು. "ಅದು ಆಮೇಲೆ. ಎಷ್ಟು ಬಂತಮ್ಮಾ?"

"ನೂರ ಅರವತ್ತೊಂದು, ಮೇಡಂ. ಅವತ್ತು ಬೆಂಚಿನ ಕಾಲಿಗೆ ರಟ್ಟು ಇಟ್ರಲ್ಲ, ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ."

"ರಟ್ಟಿಗೆಲ್ಲ ಥ್ಯಾಂಕ್ಸಾ! ಅದು ಹೋಗ್ಲಿ. ನಮ್ಮ ಡ್ರಾಯಿಂಗ್ ಮೇಷ್ಟ್ರು ಅವತ್ತು ಏನು ಮಾಡಿದ ಗೊತ್ತಾ?"

"ಗೊತ್ತು. ನನ್ನ ನೋಡಿ ಓಡಿಹೋದ್ರು."

"ಓಡಿದ್ದು ಹೌದು. ಎಲ್ಲಿಗೆ ಅಂದ್ಕೊಂಡೆ? ಹೆಡ್‌ಮಾಸ್ಟರ ರೂಮಿಗೆ. ನಾನು ಅಲ್ಲೇ ಇದ್ದೆ. ಏದುಸಿರು ಬಿಡ್ತಾ, 'ಸರ್, ಹದಿನಾಲ್ಕರಲ್ಲಿ ನನಗೆ ಬೇಕಾದವರು ಇದ್ದಾರೆ, ನನ್ನ ಬದಲಾಯಿಸಿ' ಅಂದ. ಅವರು, 'ಅಕ್ಕ ಅಲ್ಲ, ತಂಗಿ ಅಲ್ಲ, ಏನ್ರೀ ತೊಂದರೆ? ಟೈಮ್ ಆಯ್ತು' ಅಂತ ಬೈದ್ರು. ಇವನು ಜಗ್ಗಲಿಲ್ಲ. 'ನಾಳೆ ಯಾರಾದ್ರೂ ಒಂದು ದೂರು ಕೊಟ್ರೆ ಅವರ ಮಾರ್ಕ್ಸ್ ರದ್ದಾಗುತ್ತೆ ಸರ್. ಅವರಿಗೆ ಇದು ಕೊನೇ ಸಲ' ಅಂದ."

ಅವಳ ಕೈಯಲ್ಲಿದ್ದ ಲೆನ್ಸ್ ಒರೆಸುವ ಕಾಗದ ಅಲ್ಲೇ ನಿಂತಿತು.

"ಅದಕ್ಕೊಂದು ಫಾರ್ಮ್ ಇದೆ. ಅಭ್ಯರ್ಥಿ ನಂಬರು, ಕೋಣೆ, ಎಲ್ಲ ಟಕಟಕ ತುಂಬಿದ. 'ಸಂಬಂಧ' ಅಂತ ಒಂದು ಕಾಲಂ ಇತ್ತು ನೋಡು, ಅಲ್ಲಿ ಪೆನ್ ಹಿಡಿದು ಕೂತುಬಿಟ್ಟ. 'ಅದನ್ನ ಖಾಲಿ ಬಿಡೋ ಹಾಗಿಲ್ಲ, ಬೇಗ ಬರೀರಿ' ಅಂದ್ರು ಹೆಡ್‌ಮಾಸ್ಟರು. ಬರೆದ."

"ಏನಂತ?"

ಮೇಡಂ ಮುಖದಲ್ಲಿ ಗಡುಸು ಎಲ್ಲಿತ್ತೋ ಎಲ್ಲಿ ಹೋಯಿತೋ.

"'ಇನ್ನೂ ಕೇಳಿಲ್ಲ' ಅಂತ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರ ತನ್ನಷ್ಟಕ್ಕೆ ತಿರುಗುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಅವಳಿಗೆ ತೋಚಲಿಲ್ಲ.

"ಹೆಡ್‌ಮಾಸ್ಟರು ಎರಡು ಸಲ ಓದಿ, ಸೀಲ್ ಒತ್ತಿದ್ರು. ಫಲಿತಾಂಶ ಬರೋವರೆಗೆ ಅಭ್ಯರ್ಥಿ ಹತ್ರ ಪರೀಕ್ಷೆ ವಿಷಯ ಮಾತಾಡಲ್ಲ ಅಂತ ಒಂದು ಸಹಿ ಬೇರೆ ಹಾಕಿಸಿಕೊಂಡ್ರು. ಪರೀಕ್ಷೆ ವಿಷಯ ಮಾತ್ರ! ಈ ಮಹಾನುಭಾವ ಈ ರಸ್ತೇನೇ ಬಿಟ್ಟ. ಐದು ವಾರದಿಂದ ಬಸ್ ಸ್ಟಾಪಿಗೆ ಊರೆಲ್ಲ ಸುತ್ತು ಹಾಕ್ಕೊಂಡು ಹೋಗ್ತಾನೆ."

"ಈಗ ಎಲ್ಲಿದ್ದಾರೆ?"

"ಕಣ್ಣಿನ ಅಂಗಡೀಲಿ ಕೂತು ಹೀಗೆ ಕೇಳ್ತೀಯಲ್ಲಾ. ಕಿಟಕಿಯಿಂದ ನೋಡು. ಮೂರು ಸಲ ರಸ್ತೆ ದಾಟಿ ವಾಪಸ್ ಹೋಗಿದ್ದಾನೆ. ಕಾಲು ನೋಯಲ್ವೇನೋ ಪಾಪ."

ನಾಲ್ಕನೆಯ ಸಲ ಅವನು ದಾಟಿದ. ಬಾಗಿಲಿನ ಗಂಟೆ ಕಿಣಿ ಎಂದಿತು. ಮೇಡಂ ತಟ್ಟನೆ ಎದ್ದು ಫ್ರೇಮುಗಳ ಗೂಡಿನ ಕಡೆ ತಿರುಗಿ, ಮಕ್ಕಳ ಕೆಂಪು ಫ್ರೇಮೊಂದನ್ನು ಮೂಗಿಗೇರಿಸಿಕೊಂಡು ಕನ್ನಡಿ ನೋಡತೊಡಗಿದರು.

"ಬನ್ನಿ ಮೇಷ್ಟ್ರೇ," ಎಂದಳು ಅವಳು. "ಇವತ್ತು ಯಾವ ಕಡೆದು ಸಡಿಲ ಆಗಿದೆ?"

"ಎರಡೂ ಬಿಗಿಯಾಗೇ ಇವೆ."

"ಮತ್ತೆ ಯಾಕೆ ಬಂದ್ರಿ?"

ಅವನು ಅಕ್ಷರದ ಪಟದ ಕಡೆ ನೋಡಲಿಲ್ಲ. ಈ ಸಲ ಅವಳನ್ನೇ ನೋಡಿದ. "ಎಷ್ಟು ಬಂತು ಅಂತ ಕೇಳೋಕೆ."

"ನೂರ ಅರವತ್ತೊಂದು."

ಅವನ ಮುಖ ಬೆಳಗಿದ್ದನ್ನು ಅವಳು ಪೂರ್ತಿ ನೋಡಿದಳು, ಒಂದು ರೆಪ್ಪೆ ಮಿಟುಕಿಸುವಷ್ಟನ್ನೂ ಬಿಡದೆ. ಬೇರೊಬ್ಬರ ಮಾರ್ಕ್ಸಿಗೆ ಯಾರಾದರೂ ಇಷ್ಟು ಸಂತೋಷಪಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

"ಬಾಗಿಲಿನಿಂದ ವಾಪಸ್ ಹೋಗಿದ್ದು ನಿಮಗೆ ನೋವಾಗಿರುತ್ತೆ," ಎಂದ ಅವನು.

"ಆಗಿತ್ತು. ಈಗ ಯಾಕೆ ಅಂತ ಗೊತ್ತಾಯ್ತು. ನನ್ನ ಮಾರ್ಕ್ಸನ್ನ ನನಗಿಂತ ಜೋಪಾನ ಮಾಡಿದ್ದೀರಿ. ಆದ್ರೆ ಫಾರ್ಮಲ್ಲಿ ಒಂದು ಕಾಲಂ ಬಾಕಿ ಇದೆಯಂತೆ?"

ಅವನು ಮೇಡಂ ಕಡೆ ತಿರುಗಿದ. ಕೆಂಪು ಫ್ರೇಮು ಕನ್ನಡಿಯಲ್ಲಿ ಇನ್ನಷ್ಟು ಮುಳುಗಿತು.

"ನೀವು ಓದೋಕೆ ಹೋಗ್ತೀರಿ. ನಾಲ್ಕು ವರ್ಷ. ಈಗ ನಾನು ಕೇಳಿದ್ರೆ ನಿಮಗೆ ಅದೊಂದು ಭಾರ. ಮತ್ತೆ... ಉತ್ತರ ಏನೋ ನನಗೆ ಗೊತ್ತಿಲ್ಲ."

"ಗೊತ್ತಿಲ್ದಿದ್ರೂ ಖಾಲಿ ಬಿಡಬೇಡಿ ಅಂತ ಒಬ್ರು ಮೇಷ್ಟ್ರು ಹೇಳಿದ್ರು. ತಪ್ಪಾದ್ರೆ ಮಾರ್ಕ್ಸ್ ಕಳೆಯಲ್ವಂತೆ."

ಅವನು ಉಸಿರು ಎಳೆದುಕೊಂಡ.

"ನೀವು ಓದಿ ಮುಗಿಸಿ ಬನ್ನಿ. ನಾಲ್ಕು ವರ್ಷ ಆದ್ಮೇಲೆ ನನ್ನ ಮದುವೆ ಆಗ್ತೀರಾ?"

ಅವಳು ಕೈಯಲ್ಲಿದ್ದ ತೆಳು ಕಾಗದವನ್ನು ಒಮ್ಮೆ ಮಡಚಿದಳು. ಮತ್ತೊಮ್ಮೆ ಮಡಚಿದಳು. ಪಂಚ್ ತೆಗೆದುಕೊಂಡು ಟಕ್ಕೆಂದು ಒತ್ತಿ, ಅವನ ಮುಂದೆ ಚಾಚಿದಳು.

"ಬಿಚ್ಚಿ."

ಅವನು ಬಿಚ್ಚತೊಡಗಿದ. ಕೊನೆಯ ಮಡಿಕೆ ಮೊದಲು, ಆಮೇಲೆ ಅದರ ಹಿಂದಿನದು.

"ನಾಲ್ಕು," ಎಂದ.

"'ಹೂಂ' ಅಂತ ಒತ್ತಿದ್ದು ಒಂದೇ ಸಲ," ಎಂದಳು ಅವಳು. "ನಾಲ್ಕೂ ವರ್ಷಕ್ಕೆ ಬಿದ್ದಿದೆ."

ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಅವಳು ಕೈ ಚಾಚಿ ಆ ಕನ್ನಡಕವನ್ನು ಇಸಿದುಕೊಂಡಳು. ಬಿಗಿಯಾಗೇ ಇದ್ದ ಎರಡೂ ಸ್ಕ್ರೂಗಳನ್ನು ಪುಟ್ಟ ಸ್ಕ್ರೂಡ್ರೈವರಿನಿಂದ ಸ್ವಲ್ಪ ಸಡಿಲ ಮಾಡಿ, ಹಿಂದಕ್ಕೆ ಕೊಟ್ಟಳು.

"ಇವತ್ತು ಗುರುವಾರ," ಎಂದಳು. "ನಾಳೆ ತನ್ನಿ, ಬಿಗಿ ಮಾಡಿಕೊಡ್ತೀನಿ."